ಮಗ್ಗದ ಕುಣಿಯ ಒಂಬತ್ತು ಕಪ್ಪೆಗಳು

ಬನಹಟ್ಟಿಯ ನಮ್ಮ ಮನೆಗೆ ಮೊದಲ ಸಲ ಬಂದವರು ಊಟಕ್ಕೆ ಕರೆದಾಗ ತುಸು ಹಿಂಜರಿಯುತ್ತಿದ್ದರು. ನಡುಮನೆಯ ಮಧ್ಯದಲ್ಲಿ ಒಂದು ಕುಣಿ ಇತ್ತು. ಮೂರು ಮೊಳ ಉದ್ದ, ಎರಡು ಮೊಳ ಅಗಲ, ಆಗಿನ ನನ್ನ ಸೊಂಟದಷ್ಟು ಆಳ. ಅದರ ಮೂರು ಬದಿಗೆ ಚಾಪೆ ಹಾಸಿ ನಾವು ಉಣ್ಣಲು ಕೂರುತ್ತಿದ್ದೆವು, ನಾಲ್ಕನೆಯ ಬದಿಯನ್ನು ಖಾಲಿ ಬಿಡುತ್ತಿದ್ದೆವು. ಆ ಬದಿಯ ಮೂಲೆ ಕುಸಿದು ಇಳಿಜಾರಾಗಿತ್ತು. ಕುಣಿಯಲ್ಲಿದ್ದ ನೆಲಗಪ್ಪೆಗಳು ಹೊತ್ತು ಮುಳುಗಿದ ಮೇಲೆ ಅದನ್ನು ಹತ್ತಿ ಬಚ್ಚಲಿನ ಕಡೆ ಹೋಗುತ್ತಿದ್ದವು. ರೊಟ್ಟಿ ಮುರಿಯುತ್ತ ಕುಳಿತ ಬೀಗರ ಮುಂದೆ ಒಂದು ದಪ್ಪ ಕಪ್ಪೆ ನಿಧಾನವಾಗಿ ದಾಟಿದರೆ, ಆಯಿ, ಅಂದರೆ ಅಪ್ಪನ ತಾಯಿ, ತಲೆ ಎತ್ತದೆಯೇ ಹೇಳುತ್ತಿದ್ದಳು:

"ಹಾದಿ ಬಿಡ್ರಿ. ಅದರ ಪಾಳಿ ಸುರು ಆತು."

ಮೊದಲಿನಿಂದಲೂ ನಾವು ಹಾಗೆ ಉಣ್ಣುತ್ತಿರಲಿಲ್ಲ. ಅದು ಅಜ್ಜನ ಮಗ್ಗದ ಕುಣಿ. ಕುಣಿಮಗ್ಗದವರು ನೆಲದ ಮೇಲೆ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುತ್ತಾರೆ. ಅಜ್ಜ ಅಲ್ಲಿ ಕಾಲಿಟ್ಟು ಇಲಕಲ್ಲ ಸೀರೆ ನೇಯುತ್ತ ಮುದುಕನಾದ. ಅವನ ನಂತರ ಆಯಿ ಮೊಣಕಾಲು ಹಿಡಿಯುವವರೆಗೆ ನೇಯ್ದಳು. ನನಗೆ ತಿಳಿವು ಬರುವ ಹೊತ್ತಿಗೆ ಮಗ್ಗದ ಕಟ್ಟಿಗೆ ಅಟ್ಟಕ್ಕೆ ಹೋಗಿತ್ತು, ಕುಣಿ ಮತ್ತು ಅದರ ತಳದ ತುಳಿಯುವ ಹಲಗೆ ಉಳಿದಿದ್ದವು. ಅಮಾವಾಸ್ಯೆಗೊಮ್ಮೆ ಆಯಿ ಅದರ ಅಂಚಿಗೆ ವಿಭೂತಿ ಹಚ್ಚಿ ದೀಪ ಇಡುತ್ತಿದ್ದಳು. ನೇಯದ ಕುಣಿಗೆ ಯಾಕೆ ದೀಪ ಎಂದು ಕೇಳಿದರೆ, "ನಿಮ್ಮಜ್ಜನ ಕಾಲು ಇನ್ನೂ ಅಲ್ಲೇ ಅದಾವ" ಎನ್ನುತ್ತಿದ್ದಳು. ಅವ್ವ ಪಡಸಾಲೆಯಲ್ಲಿ ಕುಳಿತು ಕಂಡಿಕೆ ಸುತ್ತುತ್ತಿದ್ದಳು, ಅಂದರೆ ಲಾಳಿಯೊಳಗೆ ಇಡುವ ಸಣ್ಣ ನೂಲಿನ ಸುರುಳಿಗಳನ್ನು. ಆಗ ನಮ್ಮ ಊಟ, ಓದು, ಬಂದವರ ಹರಟೆ ಎಲ್ಲ ಆ ಪಡಸಾಲೆಯಲ್ಲೇ. ಓಣಿಯ ತುಂಬ ಪವರ್‌ಲೂಮುಗಳ ಖಟಪಟ. ಕರೆಂಟ್ ಹೋದಾಗ ಮಾತ್ರ ಓಣಿಗೆ ಕಿವಿ ಬರುತ್ತಿತ್ತು. ಆಗ ಪಕ್ಕದ ಮನೆಯ ಜಗಳ, ತೊಲೆಯ ಸಂದಿಯ ಗುಬ್ಬಿ, ತೇರದಾಳಕ್ಕೆ ಹೋಗುವ ಬಸ್ಸಿನ ಹಾರ್ನ್, ಕುಣಿಯೊಳಗಿನ ಗೊರಗೊರ, ಎಲ್ಲ ಒಮ್ಮೆಲೇ ಕೇಳಿಸುತ್ತಿತ್ತು.

ಅಪ್ಪ ಬೇರೆಯವರ ಪವರ್‌ಲೂಮ್ ಶೆಡ್ಡಿನಲ್ಲಿ ನೇಯುತ್ತಿದ್ದ. ಅವನಿಗೊಂದು ರೂಢಿ ಇತ್ತು. ತಾನು ನೇಯ್ದ ಸೀರೆಯಲ್ಲಿ ಎಲ್ಲಾದರೂ ಒಂದು ಎಳೆ ತಪ್ಪಿದ್ದರೆ, ಆ ಸಾಲಿನ ನೇರಕ್ಕೆ ಸೀರೆಯ ಅಂಚಿನಲ್ಲಿ ಒಂದು ಬಣ್ಣದ ಎಳೆ ಕಟ್ಟುತ್ತಿದ್ದ. ನೋಡಿದವರಿಗೆ ತಪ್ಪು ಎಲ್ಲಿದೆ ಎಂದು ತಕ್ಷಣ ಗೊತ್ತಾಗಬೇಕು. ಶೆಡ್ಡಿನ ಗೆಳೆಯರು ನಗುತ್ತಿದ್ದರು. ಯಾರಿಗೂ ಕಾಣದ ತಪ್ಪನ್ನು ಕರೆದು ತೋರಿಸುವ ಶಾಣ್ಯಾ ಇವನೊಬ್ಬನೇ ಎನ್ನುತ್ತಿದ್ದರು. ಅಪ್ಪನದು ಒಂದೇ ಉತ್ತರ:

"ಮನಿಗಿ ಹೋಗಿ ನೋಡಿ ಬೈಯೂದ್ಕಿಂತ ಅಂಗಡ್ಯಾಗ ನೋಡಿ ಬಿಡ್ಲಿ."

ಇನ್ನು ನನ್ನ ವಿಷಯ. ನೂಲಿನ ಅಂಗಡಿಯವರು ಅಪ್ಪನಿಗೆ ಕೊಡುತ್ತಿದ್ದ ಡೈರಿ ಪ್ರತಿ ವರ್ಷ ನನ್ನ ಪಾಲಿಗೆ ಬರುತ್ತಿತ್ತು. ನಾನು ಎಣಿಸುವ ಹುಡುಗಿ. ದಿನಕ್ಕೆ ಕರೆಂಟ್ ಎಷ್ಟು ಸಲ ಹೋಯಿತು, ಅವ್ವ ಎಷ್ಟು ರೊಟ್ಟಿ ಬಡಿದಳು, ಆಯಿ ಎಷ್ಟು ಸಲ ಮೊಣಕಾಲು ಹಿಡಿದು ಶಿವನೇ ಅಂದಳು, ಎಲ್ಲಕ್ಕೂ ನಾಲ್ಕು ನಿಲುಗೆರೆ, ಮೇಲೊಂದು ಅಡ್ಡಗೆರೆ. ಅಂದಿನ ಡೈರಿ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಯಾರ ದುಃಖವೂ ಇಲ್ಲ, ಯಾರ ಸಂತೋಷವೂ ಇಲ್ಲ, ಬರೀ ಗೆರೆಗಳು. "ಈಕಿ ನಾವು ಉಸರಾಡೂದನ್ನೂ ಎಣಸ್ತಾಳ, ಸಾವಕಾಶ ಉಸರಾಡ್ರಿ" ಎಂದು ಅವ್ವ ಬಂದವರ ಮುಂದೆ ಹೇಳುತ್ತಿದ್ದಳು.

ಈ ಚಟಕ್ಕೆ ಒಂದು ಕೆಲಸ ಕೊಟ್ಟವರು ಕಮಲಾ ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ನಾನು ಎಂಟನೇ ಇಯತ್ತೆಗೆ ಹೋದ ವರ್ಷ ಅವರು ವಿಜ್ಞಾನಕ್ಕೆ ಬಂದರು. ಸಣ್ಣ ದೇಹ, ದೊಡ್ಡ ಕೈಚೀಲ, ಬೋರ್ಡಿನ ಮೇಲೆ ಬರೆಯುವಾಗ ತುದಿಗಾಲಲ್ಲಿ ನಿಲ್ಲುತ್ತಿದ್ದರು. ಶ್ರಾವಣದ ಒಂದು ಮುಂಜಾನೆ ಜೀವವೈವಿಧ್ಯದ ಪಾಠ ತೆಗೆದರು. ಪುಸ್ತಕದಲ್ಲಿ ಆನೆ, ಹುಲಿ, ದಟ್ಟ ಕಾಡು. ಹಿಂದಿನ ಬೆಂಚಿನಿಂದ ಯಾರೋ, ನಮ್ಮ ಕಡೆ ಕಬ್ಬು ಬಿಟ್ಟರೆ ಕಾಡೇ ಇಲ್ಲವಲ್ಲರೀ ಎಂದರು. ಅಕ್ಕೋರು ಪುಸ್ತಕ ಮುಚ್ಚಿದರು.

"ಅಡವಿ ಇಲ್ಲ, ಖರೆ. ಮನಿ ಐತಿಲ್ಲೋ ನಿಮಗ?"

ಆಮೇಲೆ ಅವರು ತಮ್ಮ ಊರಿನ ಮಾತು ಹೇಳಿದರು. ಅವರು ಬೀಳಗಿ ಕಡೆಯವರು. ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತ್ತು.

"ನಮ್ಮೂರು ಮುಳಗೂಕಿಂತ ಮೊದಲ ಬಂದು ಎಲ್ಲಾ ಎಣಿಸಿಕೊಂಡು ಹೋದ್ರು. ಬಾಗಿಲಾ ಎಣಿಸಿದ್ರು, ತೊಲಿ ಎಣಿಸಿದ್ರು, ಹಿತ್ತಲದಾಗಿನ ಬೇವಿನ ಗಿಡಾನೂ ಎಣಿಸಿದ್ರು. ತೊಲಿ ಸಂದ್ಯಾಗ ಗೂಡ ಕಟ್ಟಿದ್ದ ಗುಬ್ಬಿ ಯಾವ ಕಾಗದದಾಗೂ ಬರಲಿಲ್ಲ. ನಾನೂ ಎಣಿಸಿರಲಿಲ್ಲ. ನಿಮ್ಮ ಮನ್ಯಾಗ ಏನೇನ ಇದ್ದು ಅಂತ ಈಗ ಯಾರರ ಕೇಳಿದ್ರ ನನ್ನ ಕಡೆ ಲೆಕ್ಕಾ ಇಲ್ಲ."

ಕೆಲಸ ಹೀಗಿತ್ತು. ಒಂದು ತಿಂಗಳು, ನಮ್ಮ ನಮ್ಮ ಮನೆಯಲ್ಲಿ ಮನುಷ್ಯರನ್ನು ಬಿಟ್ಟು ಯಾವ ಯಾವ ಜೀವ ಇವೆ, ಎಲ್ಲಿ ಇರುತ್ತವೆ, ಏನು ತಿನ್ನುತ್ತವೆ, ಎಷ್ಟು ಇವೆ ಎಂದು ಬರೆಯಬೇಕು. ಹೆಸರು ಪುಸ್ತಕದ್ದಲ್ಲ, ಮನೆಯ ಹಿರಿಯರು ಕರೆಯುವುದೇ ಬೇಕು. ಒಳ್ಳೆಯ ದಾಖಲೆಗಳು ಜಮಖಂಡಿಯಲ್ಲಿ ನಡೆಯುವ ತಾಲೂಕಿನ ವಿಜ್ಞಾನ ಪ್ರದರ್ಶನಕ್ಕೆ ಹೋಗುತ್ತವೆ. ಕೊನೆಗೆ ಅಕ್ಕೋರು ಬೋರ್ಡಿನ ತುದಿಗೆ ಒಂದು ಸಾಲು ಬರೆದು ಕೆಳಗೆ ಎರಡು ಗೆರೆ ಎಳೆದರು: ಮುಟ್ಟುವುದಿಲ್ಲ, ಹಿಡಿಯುವುದಿಲ್ಲ, ಓಡಿಸುವುದಿಲ್ಲ. ಆ ಸಾಲನ್ನು ನಾನು ಡೈರಿಯಲ್ಲಿ ಅಚ್ಚುಕಟ್ಟಾಗಿ ನಕಲು ಮಾಡಿಕೊಂಡೆ. ಅದಕ್ಕೂ ಎರಡು ಗೆರೆ ಎಳೆದೆ.

ಆ ತಿಂಗಳು ನಾನು ನಮ್ಮ ಮನೆಯನ್ನು ಮೊದಲ ಸಲ ನೋಡಿದೆ ಎನ್ನಬೇಕು. ಬಾಗಿಲ ಚೌಕಟ್ಟಿನ ಮಣ್ಣಿನ ಗೂಡಿನಲ್ಲಿ ಕಣಜ ಹಸಿರು ಹುಳವನ್ನು ತಂದು ತುಂಬುತ್ತಿತ್ತು. ದೇವರ ಜಗುಲಿಯ ಹಿಂದೆ ಎರಡು ಹಲ್ಲಿ, ಒಂದರ ಬಾಲ ಮೊಂಡು. ಜೋಳದ ಚೀಲದಲ್ಲಿ ನುಸಿ, ನುಸಿಯ ಹಿಂದೆ ಇರುವೆ, ಇರುವೆಯ ಹಿಂದೆ ಜೇಡ. ನಾನು ಹೋಗಿ ಕೇಳಿದರೆ ಆಯಿಗೆ ಹೆಸರು ಗೊತ್ತಿರುತ್ತಿತ್ತು, ಹೆಸರಿನ ಜೊತೆ ಅದರ ಚಾಳಿಯೂ ಗೊತ್ತಿರುತ್ತಿತ್ತು. ಕಣಜ ಯಾವ ಗಾಳಿಗೆ ಗೂಡು ಕಟ್ಟುತ್ತದೆ, ಗುಬ್ಬಿ ಮರಿಗೆ ಮೊದಲ ವಾರ ಕಾಳು ಕೊಡದೆ ಹುಳವನ್ನೇ ಯಾಕೆ ಕೊಡುತ್ತದೆ. ಸಾಲಿಯ ಮುಖ ನೋಡದ ಹೆಂಗಸು. ನೇಯುತ್ತ ಕುಳಿತಾಗ ಕೈಕಾಲಿಗೆ ಬಿಡುವಿರಲಿಲ್ಲ, ಕಣ್ಣಿಗೆ ಇತ್ತು, ಅಷ್ಟೆ. ಕುಣಿಯ ಕಪ್ಪೆಗಳ ಬಗ್ಗೆ ಕೇಳಿದಾಗ ಮಾತ್ರ ಅವಳ ದನಿ ಬದಲಾಯಿತು.

"ಅವು ನಮ್ಮ ಜೋಡಿ ದುಡದಾವ. ಗಂಜಿ ಹಚ್ಚಿದ ನೂಲಿಗಿ ಝರಳಿ ಬರ್ತಾವ, ಮಿಡತಿ ಬರ್ತಾವ, ರಾತ್ರ್ಯಾಗ ಕಡದ ಹಾಸ ಹಾಳ ಮಾಡ್ತಾವ. ನಾ ನೇಯೂ ಮುಂದ ಇವು ನನ್ನ ಕಾಲ ಬಾಜೂಕ ಕುಂತಿರ್ತಿದ್ದು. ನಾ ಮ್ಯಾಲ ನೇಯಾಕಿ, ಇವು ಕೆಳಗ ಕಾಯಾವು."

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಬ್ಯಾಟರಿ ಹಿಡಿದು ಕುಣಿಯ ಅಂಚಿಗೆ ಕೂರುತ್ತಿದ್ದೆ. ಡೈರಿಯಲ್ಲಿ ಲೆಕ್ಕ ಹೀಗಿದೆ: ನಾಲ್ಕು, ಆರು, ಐದು, ಏಳು, ಒಂಬತ್ತು. ಒಂಬತ್ತು ಬರೆದ ದಿನವೇ ಊಟದ ಹೊತ್ತಿಗೆ ಅಪ್ಪ ಸುದ್ದಿ ಹೇಳಿದ. ಅವನು ಬಹಳ ವರ್ಷಗಳಿಂದ ಕಾಯುತ್ತಿದ್ದ ಎರಡು ಪವರ್‌ಲೂಮ್ ನಮ್ಮ ಮನೆಗೇ ಬರುವವು.

"ದಸರಾ ಆದ ಮ್ಯಾಲ ಕುಣಿ ಮುಚ್ಚೂದು. ಮಷಿನ್ ನಿಂದರಬೇಕಂದ್ರ ನೆಲಾ ಗಟ್ಟಿ ಬೇಕು."

"ಮುಚ್ಚು" ಎಂದಳು ಆಯಿ. "ನನ್ನೂ ಅದರಾಗ ಹಾಕಿ ಮುಚ್ಚು."

"ಯವ್ವಾ, ಊಟದ ಹೊತ್ತಿನ್ಯಾಗ ಇಂಥಾ ಮಾತ ಬ್ಯಾಡ."

"ಊಟದ ಹೊತ್ತಿನ್ಯಾಗ ಸುರು ಮಾಡಿದಾವ ನೀ."

ಅವ್ವ ಇಬ್ಬರ ತಟ್ಟೆಗೂ ಪುಂಡಿಪಲ್ಯ ಬಡಿಸಿ ಬಾಯಿ ಮುಚ್ಚಿಸಲು ನೋಡಿದಳು. ನಾನು ಡೈರಿ ತಂದು ಅಪ್ಪನ ಮುಂದೆ ಹಿಡಿದೆ.

"ಅಪ್ಪಾ, ಕುಣ್ಯಾಗ ಒಂಬತ್ತ ಕಪ್ಪಿ ಅದಾವ. ಎಣಿಸೇನಿ."

ಅಪ್ಪ ನಕ್ಕ. "ಒಂದ ಕಪ್ಪಿ ಒಂಬತ್ತ ಸಲಾ ಎಣಿಸೀದಿ. ಕಪ್ಪಿ ಎಲ್ಲಾ ಒಂದ ನಮೂನಿ ಇರತಾವ ಗಿರಿಜೀ. ಈಗ ನೋಡಿದ್ದು, ಆಗ ನೋಡಿದ್ದು ಬ್ಯಾರೆ ಅಂತ ಹೆಂಗ ಹೇಳ್ತಿ?"

ಅಪ್ಪ ಮಜ್ಜಿಗೆ ಕುಡಿದು ಏಳುತ್ತ, ತಮಾಷೆಯೋ ನಿಜವೋ ತಿಳಿಯದ ಹಾಗೆ ಹೇಳಿದ:

"ಒಂದ ಇದ್ರ ಬಚ್ಚಲಕ ಹೋಗಿ ಇರತೈತಿ. ಖರೇನ ಹಿಂಡ ಇದ್ರ ತೋರ್ಸು, ವಿಚಾರ ಮಾಡೂಣು."

ನೇಕಾರರ ಮನೆಯ ಹುಡುಗಿಗೆ ಗುರುತು ಎಂದರೆ ಬಣ್ಣದ ಎಳೆ. ಮರುದಿನ ಅವ್ವ ಕಂಡಿಕೆ ಸುತ್ತಿ ಉಳಿದ ನೂಲಿನಿಂದ ಏಳು ಬಣ್ಣ ಆರಿಸಿಕೊಂಡೆ: ಕೆಂಪು, ಹಳದಿ, ಹಸಿರು, ನೀಲಿ, ಬಿಳಿ, ಕರಿ, ಗುಲಾಬಿ. ಎರಡು ಸಂಜೆ ಕುಣಿಗೆ ಇಳಿದು ಏಳು ಕಪ್ಪೆ ಹಿಡಿದೆ. ಒಂದೊಂದರ ಹಿಂದಿನ ಎಡಗಾಲಿಗೂ ಒಂದೊಂದು ಎಳೆ ಸುತ್ತಿ ಗಂಟು ಹಾಕಿದೆ. ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ, ಎಳೆ ಹರಿದಾಗ ಎರಡು ತುದಿ ಕೂಡಿಸುವ ಗಂಟು ಅದು. ನಾನು ಆರು ವರ್ಷದವಳಿದ್ದಾಗ ಆಯಿ ಕಣ್ಣು ಮುಚ್ಚಿಸಿ ಕಲಿಸಿದ್ದಳು. ಎಷ್ಟು ಎಳೆದರೂ ಸರಿಯುವುದಿಲ್ಲ, ಬಿಚ್ಚುವುದಿಲ್ಲ. ಉಳಿದ ಎರಡು ಕಪ್ಪೆ ಬಿಲದ ಒಳಗೆ ಸೇರಿಕೊಂಡು ಕೈಗೆ ಸಿಗಲಿಲ್ಲ. ಬೋರ್ಡಿನ ಮೇಲಿನ ಆ ಸಾಲು ನನಗೆ ನೆನಪಿರಲಿಲ್ಲವೇ? ಇತ್ತು. ಕುಣಿ ಉಳಿಯಬೇಕಾದರೆ ಬೇರೆ ದಾರಿ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ದಾಖಲೆಯಲ್ಲಿ "ಗುರುತು ಹಚ್ಚಿ ಎಣಿಸಿದ್ದು" ಎಂದಷ್ಟೇ ಬರೆದೆ.

ಮೂರನೆಯ ಸಂಜೆ ಅಪ್ಪನನ್ನು ಕರೆದು ಬ್ಯಾಟರಿ ಬಿಟ್ಟೆ. ಕೆಂಪು, ನೀಲಿ, ಬಿಳಿ, ಗುಲಾಬಿ, ನಾಲ್ಕು ಒಮ್ಮೆಗೇ ಕಂಡವು. ಅಪ್ಪ ಕುಣಿಯ ಅಂಚಿಗೆ ಕುಕ್ಕರುಗಾಲಲ್ಲಿ ಕುಳಿತ. ಹಸಿರು ಎಳೆಯದು ತಳದ ಹಲಗೆಯ ಕೆಳಗಿನಿಂದ ಬಂತು.

"ಬ್ಯಾರೆ ಬ್ಯಾರೆನ ಅದಾವಲ್ಲೋ ಇವು" ಎಂದ.

ಅಷ್ಟೇ ಹೇಳಿ ಎದ್ದು ಹೋದ. ಡೈರಿಯ ಆ ದಿನದ ಪುಟದಲ್ಲಿ ಗೆರೆಗಳ ಪಕ್ಕ ಒಂದು ಸಣ್ಣ ನಕ್ಷತ್ರ ಇದೆ. ಇಡೀ ಡೈರಿಯಲ್ಲಿ ಅದೊಂದೇ ನಕ್ಷತ್ರ.

ಹತ್ತಿಯ ನೂಲು ನೀರು ಕುಡಿದರೆ ಬಿಗಿಯುತ್ತದೆ. ಮಳೆಗಾಲದಲ್ಲಿ ಮಗ್ಗದ ಮೇಲಿನ ಹಾಸು ತಾನೇ ಬಿಗಿದು ಎಳೆ ಕಡಿಯುವುದನ್ನು, ಅಪ್ಪ ಅದನ್ನು ಬೈಯುತ್ತ ಸಡಿಲಿಸುವುದನ್ನು ನೋಡುತ್ತಲೇ ನಾನು ಬೆಳೆದವಳು. ನಮ್ಮ ಓಣಿಯ ಯಾವ ಕೂಸನ್ನು ಕೇಳಿದರೂ ಹೇಳುತ್ತಿತ್ತು. ನನಗೆ ಆ ಏಳು ದಿನ ಅದು ಹೊಳೆಯಲಿಲ್ಲ. ಕುಣಿಯ ತಳ ಸದಾ ತೇವ. ಕಪ್ಪೆಗಳು ದಿನಾ ಬಚ್ಚಲಿಗೆ ಹೋಗಿ ನೆನೆದು ಬರುತ್ತಿದ್ದವು.

ಎಂಟನೆಯ ದಿನ ಬೆಳಿಗ್ಗೆ ಆಯಿ ಕೂಗಿದಳು. ಗಿರಿಜೀ ಎನ್ನಲಿಲ್ಲ, ಗಿರಿಜಾ ಎಂದಳು. ಕೆಂಪು ಎಳೆಯದು ಇಳಿಜಾರಿನ ಬುಡದಲ್ಲಿ ಸತ್ತು ಬಿದ್ದಿತ್ತು. ಎಳೆಯ ಕೆಳಗೆ ಕಾಲು ಬಾತು ಕಪ್ಪಾಗಿತ್ತು. ಹಳದಿಯದು ಹಲಗೆಯ ಅಡಿಯಲ್ಲಿ ಸಿಕ್ಕಿತು, ಅದೂ ಹಾಗೆಯೇ. ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಮೊಣಕಾಲು ಹಿಡಿದು ಮಗ್ಗ ಬಿಟ್ಟ ಮೇಲೆ ಎಂದೂ ಕುಣಿಗೆ ಇಳಿಯದಿದ್ದ ಆಯಿ, ಗೋಡೆ ಹಿಡಿದು, ಒಂದೊಂದೇ ಕಾಲು ಇಳಿಸಿ, ಅಜ್ಜನ ಕಾಲಿದ್ದ ಜಾಗದಲ್ಲಿ ಕುಳಿತಳು. ಅವ್ವ ಒದ್ದೆ ಬಟ್ಟೆಯಲ್ಲಿ ಒಂದೊಂದು ಕಪ್ಪೆಯನ್ನು ಹಿಡಿದು ಕೊಟ್ಟಳು. ಕತ್ತರಿ ಒಳಗೆ ಹೋಗದಷ್ಟು ಎಳೆ ಒಳಗಿಳಿದಿತ್ತು. ಆಯಿ ಸೂಜಿಯ ಮೊನೆಯಿಂದ, ಉಗುರಿನಿಂದ, ತೊಗಲಿಗೆ ತಾಗದ ಹಾಗೆ ಗಂಟನ್ನು ಹಿಂದಕ್ಕೆ ದೂಡಿ ಬಿಚ್ಚಿದಳು. ಆ ಗಂಟು ಬಿಚ್ಚುತ್ತದೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಐದು ಉಳಿದವು. ಹಸಿರಿನದರ ಪಾದ ಮಾತ್ರ ಉಳಿಯಲಿಲ್ಲ.

ಅಪ್ಪ ಮೇಲಿನಿಂದ ಬ್ಯಾಟರಿ ಹಿಡಿದಿದ್ದ. ಬಿಚ್ಚಿದ ಎಳೆಯೊಂದನ್ನು ಬೆಳಕಿಗೆ ಹಿಡಿದು ನೋಡಿದ. ಸೀರೆಯ ಎಳೆ ನೋಡುವಾಗ ಇರುತ್ತಿದ್ದ ಅದೇ ಮುಖ.

"ಗಂಟ ಛಲೋ ಹಾಕೀದಿ" ಎಂದ.

ಅವನು ಚುಚ್ಚಲು ಹೇಳಿದ್ದಲ್ಲ. ಅಪ್ಪನಿಗೆ ಹಾಗೆ ಚುಚ್ಚಲು ಬರುತ್ತಿರಲಿಲ್ಲ. ಅಂದು ಯಾರೂ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಆಯಿ ಬಿಚ್ಚಿದ ಎಳೆಗಳನ್ನೂ ಸತ್ತವುಗಳಿಂದ ತೆಗೆದ ಎರಡನ್ನೂ ತೊಳೆದು ದೀಪದ ಗೂಡಿನಲ್ಲಿಟ್ಟಳು. ಡೈರಿಯಲ್ಲಿ ಆ ಪುಟ ಖಾಲಿ ಇದೆ. ರೊಟ್ಟಿಯ ಲೆಕ್ಕ ಕೂಡ ಇಲ್ಲ.

ಎರಡು ದಿನ ನಾನು ದಾಖಲೆಯ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಹೋದೆ. ಮೂರನೆಯ ದಿನ ಅಕ್ಕೋರು ವರ್ಗದ ಹೊರಗೆ ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದರು. ಎಲ್ಲ ಹೇಳಿದೆ.

"ಮುಟ್ಟಬ್ಯಾಡ್ರಿ ಅಂದಿದ್ದೆ."

"ಹೌದ್ರಿ."

"ಯಾವ ಕಾಲು?"

"ಹಿಂದಿನ ಎಡಗಾಲ್ರಿ."

"ಎಷ್ಟ ದಿನಕ್ಕ ಸತ್ತು?"

"ಎಂಟನೇ ದಿನಾ ಸಿಕ್ಕೂರಿ."

"ಬರದೀಯೇನು?"

"ಇಲ್ರಿ."

"ಬರಿ" ಎಂದರು. ಮತ್ತೆ ಹೇಳಿದರು: "ನಮ್ಮ ಗುಬ್ಬಿ ಲೆಕ್ಕಾ ಇಲ್ಲದ ಹೋದು. ನಿನ್ನ ಎರಡ ಕಪ್ಪಿ ಹಂಗ ಹೋಗಬಾರದು."

ಬರೆಯುತ್ತೇನೆ ಎಂದೆ. ಬರೆಯಲಿಲ್ಲ. ಆ ಶನಿವಾರ ಅರ್ಧ ದಿನದ ಸಾಲಿ ಮುಗಿಸಿಕೊಂಡು ಅಕ್ಕೋರು ತಾವೇ ನಮ್ಮ ಮನೆಗೆ ಬಂದರು. ಚಹಾ ಬೇಡವೆಂದು ನೇರ ನಡುಮನೆಗೆ ಹೋಗಿ ಕುಣಿಯ ಅಂಚಿಗೆ ನೆಲದ ಮೇಲೆ ಕುಳಿತರು. ಆಯಿಗೂ ಅವರಿಗೂ ಐದೇ ನಿಮಿಷದಲ್ಲಿ ಬಳಕೆಯಾಯಿತು. ಕಪ್ಪೆ ಎಷ್ಟು ವರ್ಷ ಬದುಕುತ್ತದೆ ಎಂದು ಅಕ್ಕೋರು ಆಯಿಯನ್ನೇ ಕೇಳಿ, ಅವಳು ಹೇಳಿದ್ದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಸಾಲಿಯ ಒಬ್ಬರು ತನ್ನ ಮಾತನ್ನು ಬರೆದುಕೊಳ್ಳುತ್ತಿದ್ದಾರೆ ಎಂದು ಗೊತ್ತಾದಾಗ ಆಯಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಅಕ್ಕೋರು ನನ್ನನ್ನು ಪಕ್ಕಕ್ಕೆ ಕರೆದು ಕೆಳಗೆ ತೋರಿಸಿದರು.

"ಬೆನ್ನ ನೋಡು. ಅದರ ಕಣ್ಣ ಹಿಂದಿಂದ ಗುಳ್ಳಿ ಎರಡ ಸಾಲ ಇಳದಾವ. ಈ ಕಡೀದಕ್ಕ ಒಂದ ಸಾಲು, ನಡುವ ಒಂದ ಕರೀ ಮಚ್ಚಿ. ಗುರುತ ಅವ ತೊಗೊಂಡ ಹುಟ್ಟಿರತಾವ. ನಾವು ಹಚ್ಚೂದ ಬ್ಯಾಡ, ಓದಿದ್ರ ಆತು."

ಪಾಳಿ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಕಿವಿಯಲ್ಲಿ ಇನ್ನೂ ಹತ್ತಿಯ ಧೂಳು. ಮೆಲ್ಲನೆ ಬಂದು ನಮ್ಮ ಹಿಂದೆ ಬಾಗಿದ.

"ಅಕ್ಕೋರ, ಆ ಎರಡ ಸಾಲಿಂದು ರುದ್ರಾಕ್ಷಿ ದಡಿ ಇದ್ದಂಗ ಐತಲ್ರಿ."

ಸೀರೆಯ ದಡಿಯ, ಅಂದರೆ ಅಂಚಿನ, ನಮೂನೆ ಬಿಡಿಸಲು ಅಪ್ಪ ಚೌಕುಳಿ ಕಾಗದ ಇಟ್ಟುಕೊಂಡಿದ್ದ. ಒಂದು ಚೌಕ ಒಂದು ಎಳೆ. ಅದನ್ನೂ ಪೆನ್ಸಿಲನ್ನೂ ತಂದು ಕುಳಿತ. ಅಂದು ಮತ್ತು ಮರುದಿನ ಸಂಜೆ, ಕಪ್ಪೆಗಳು ಬೆಳಕಿಗೆ ಬರುವವರೆಗೆ ಕಾದು, ಯಾವುದನ್ನೂ ಮುಟ್ಟದೆ, ಏಳರ ಬೆನ್ನನ್ನೂ ಚೌಕ ಚೌಕವಾಗಿ ಬಿಡಿಸಿದ: ಎಳೆ ಬಿಚ್ಚಿಸಿಕೊಂಡ ಐದು, ನನ್ನ ಕೈಗೆ ಸಿಗದೆ ಉಳಿದ ಎರಡು. ಒಂದಕ್ಕೆ ಚಿಕ್ಕಿ ಎಂದ, ಒಂದಕ್ಕೆ ಗೋಮಿ ಎಂದ, ಎಲ್ಲ ದಡಿಯ ಹೆಸರುಗಳೇ. ನಾನು ಅಲ್ಲಿಯವರೆಗೆ ಅಪ್ಪನನ್ನು ಬೇರೆಯವರ ಶೆಡ್ಡಿನಲ್ಲಿ ದುಡಿಯುವವನು ಎಂದಷ್ಟೇ ತಿಳಿದಿದ್ದೆ. ಎರಡು ಮೊಳ ದೂರದ ಕತ್ತಲಲ್ಲಿ ಕುಳಿತ ಪ್ರಾಣಿಯ ಬೆನ್ನಿನ ಗುಳ್ಳೆಗಳನ್ನು ಒಂದು ಚೌಕವೂ ತಪ್ಪದೆ ಕಾಗದಕ್ಕೆ ಇಳಿಸುವ ಕಣ್ಣು ನನ್ನ ಮನೆಯಲ್ಲೇ ಇತ್ತು. ಕೊನೆಯದನ್ನು ಮುಗಿಸಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಹೇಳಿದ:

"ಒಂದ ನಮೂನಿ ಇರತಾವ ಅಂದಿದ್ದೆ ಗಿರಿಜೀ. ನಾ ಅಂದಿದ್ದ ತಪ್ಪು."

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅಪ್ಪ ದಾರ ಹಿಡಿದು ಪಡಸಾಲೆಯನ್ನು ಅಳೆಯುತ್ತಿದ್ದ. ಅವ್ವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಎರಡೂ ಮಷಿನ್ ಇಲ್ಲೆ ಹಾಕಿದ್ರ ನಾವು ಎಲ್ಲೆ ಉಣ್ಣೂದು? ಬಂದೋರು ಎಲ್ಲೆ ಕುಂದರೂದು?"

"ನಡುಮನ್ಯಾಗ."

"ಕಪ್ಪಿ ಬಾಜೂಕ?"

"ಕುಂದರೋರು ಕುಂದರ್ತಾರ, ಏಳೋರು ಏಳ್ತಾರ."

"ದೌಡ ಏಳ್ತಾರ" ಎಂದಳು ಆಯಿ ಒಳಗಿನಿಂದ. "ರೊಟ್ಟಿ ಉಳಿತಾವ."

ಮಷಿನ್ ಪಡಸಾಲೆಯಲ್ಲಿ ಯಾಕೆಂದು ಓಣಿಯವರು ಕೇಳಿದಾಗ ಅಪ್ಪ ಕಪ್ಪೆಯ ಮಾತೇ ಎತ್ತಲಿಲ್ಲ. ನಡುಮನೆಯಲ್ಲಿ ತೇವ, ಮೋಟಾರು ಸುಡುತ್ತವೆ ಎಂದು ಹೇಳಿದ. ಎಲ್ಲರೂ ಒಪ್ಪಿದರು.

ಕುಣಿ ಉಳಿಯಿತು. ನನ್ನ ಲೆಕ್ಕ ಉಳಿದಿತ್ತು. ಜಮಖಂಡಿಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ ನಡುಮನೆಯಲ್ಲಿ ದೊಡ್ಡ ರಟ್ಟು ಹಾಸಿಕೊಂಡು ತಖ್ತೆ ಮಾಡಿದೆ. ಮೇಲೆ ಕಣಜ, ಗುಬ್ಬಿ, ಹಲ್ಲಿ, ನುಸಿ, ಯಾವುದು ಯಾವುದನ್ನು ತಿನ್ನುತ್ತದೆ ಎಂಬ ಬಾಣದ ಗುರುತು. ನಡುವೆ ಅಪ್ಪನ ಏಳು ಚಿತ್ರ, ಕೆಳಗೆ ಹೆಸರು. ಕೊನೆಗೆ ಗುಂಡಗೆ ಬರೆದೆ: ಒಟ್ಟು ನೆಲಗಪ್ಪೆಗಳು ಏಳು. ಸುಳ್ಳಲ್ಲ. ಆ ದಿನ ಕುಣಿಯಲ್ಲಿ ಏಳೇ ಇದ್ದವು. ಜಮಖಂಡಿಯಲ್ಲಿ ಯಾರಿಗೆ ಗೊತ್ತಾಗಬೇಕು? ತಖ್ತೆ ನೋಡಲು ಚೆಂದವಾಗಿತ್ತು. ಅಪ್ಪ ಬಂದು ಪಕ್ಕದಲ್ಲಿ ಕುಳಿತು ಬೆರಳಿಟ್ಟು ಎಣಿಸಿದ.

"ಮದಲ ನೀ ಒಂಬತ್ತ ಅಂದಿದ್ದಿ."

"ಈಗ ಏಳ ಅದಾವ."

"ಹೌದು. ಎರಡು?"

ಅಪ್ಪ ಎದ್ದು ಎರಡು ಖಾಲಿ ಚೌಕುಳಿ ಕಾಗದ ಕತ್ತರಿಸಿ ತಂದ. ಏಳರ ಪಕ್ಕ ಅಂಟಿಸಲು ಜಾಗ ಇತ್ತು, ಅಂಟಿಸಿದ. ಆಮೇಲೆ ದೀಪದ ಗೂಡಿಗೆ ಕೈ ಹಾಕಿ ಕೆಂಪು ಮತ್ತು ಹಳದಿ ಎಳೆ ತೆಗೆದ. ಎಂಟು ದಿನ ಕಪ್ಪೆಯ ಕಾಲಲ್ಲಿದ್ದ ಅದೇ ಎಳೆಗಳು. ಖಾಲಿ ಚೌಕಗಳ ನೇರಕ್ಕೆ ರಟ್ಟಿನ ಅಂಚಿನಲ್ಲಿ ಸೂಜಿಯಿಂದ ಎರಡು ತೂತು ಮಾಡಿದ. ಅವನೇ ಕಟ್ಟುತ್ತಾನೆ ಎಂದುಕೊಂಡಿದ್ದೆ. ಎಳೆಗಳನ್ನು ನನ್ನ ಅಂಗೈಗೆ ಹಾಕಿದ.

"ನೀನ ಕಟ್ಟು. ಗಂಟು ನಿಂದು."

ಕಟ್ಟಿದೆ. ಏಳರ ಮೇಲೆ ಗೆರೆ ಹೊಡೆದು ಒಂಬತ್ತು ಎಂದು ಬರೆದೆ. ಖಾಲಿ ಚೌಕಗಳ ಕೆಳಗೆ, ಗುರುತಿಗೆಂದು ನಾನು ಕಟ್ಟಿದ ಎಳೆ ಬಿಗಿದು ಸತ್ತವು ಎಂದು ಬರೆದು, ತಾರೀಖು ಹಾಕಿದೆ. ಹೊಡೆದ ಏಳು ಹಾಗೇ ಕಾಣುತ್ತಿತ್ತು. ಬೇರೆ ರಟ್ಟು ತರಲೇ ಎಂದು ಕೇಳಿದ್ದಕ್ಕೆ ಅಪ್ಪ ಬೇಡ ಎಂದ.

ಪ್ರದರ್ಶನದಲ್ಲಿ ಬಹಳ ಜನ ನಮ್ಮ ಮುಂದೆ ನಿಲ್ಲಲಿಲ್ಲ. ಕಬ್ಬಿನ ಸಿಪ್ಪೆಯಿಂದ ಕರೆಂಟ್ ಮಾಡುವ ಮಾದರಿಯೊಂದು ಪಕ್ಕದಲ್ಲೇ ದೀಪ ಉರಿಸುತ್ತಿತ್ತು, ಬಹುಮಾನವೂ ಅದಕ್ಕೇ ಹೋಯಿತು. ತೀರ್ಪುಗಾರರಲ್ಲಿ ವಯಸ್ಸಾದ ಒಬ್ಬರು ಮಾತ್ರ ತಖ್ತೆಯ ಅಂಚನ್ನು ಹಿಡಿದು ನೋಡಿದರು.

"ಇವು ಯಾಕ ಇಳಿಬಿಟ್ಟೀಯವಾ? ಶೃಂಗಾರಕ್ಕೇನು?"

"ಅಲ್ರಿ. ಇವು ನಾ ಕೊಂದಾವ್ರಿ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಖಾಲಿ ಚೌಕಗಳ ಕೆಳಗಿನ ಎರಡು ಸಾಲನ್ನು ಎರಡು ಸಲ ಓದಿದರು. ಮುಂದೆ ಹೋದರು. ಹಿಂದೆ ನಿಂತಿದ್ದ ಕಮಲಾ ಅಕ್ಕೋರು ನನ್ನ ಜಡೆಯ ಬಿಚ್ಚಿದ್ದ ರಿಬ್ಬನ್ನನ್ನು ಮತ್ತೆ ಕಟ್ಟಿದರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆಯ ಸೀಟು ನನಗೆ ಕೊಟ್ಟರು. ಅಂದು ಸಂಜೆ ಡೈರಿಯಲ್ಲಿ ರೊಟ್ಟಿಯ ಲೆಕ್ಕ ಮತ್ತೆ ಶುರುವಾಗಿದೆ. ಹಸಿರು ಎಳೆಯ ಕುಂಟ ಕಪ್ಪೆ ಆಮೇಲೆ ನಾಲ್ಕು ಮಳೆಗಾಲ ನಮ್ಮ ಊಟದ ಹೊತ್ತಿಗೆ ಇಳಿಜಾರು ಹತ್ತಿ ಬಂತು. ಅದು ಹತ್ತುವುದು ತಡವಾಗುತ್ತಿತ್ತು. ಅದು ದಾಟುವವರೆಗೆ ಆಯಿ ಯಾರನ್ನೂ ಏಳಗೊಡುತ್ತಿರಲಿಲ್ಲ.

ಈಗ ನಾನು ಮುಧೋಳ ಕಡೆಯ ಒಂದು ಸಾಲಿಯಲ್ಲಿ ಎಂಟನೇ ಇಯತ್ತೆಗೆ ವಿಜ್ಞಾನ ಕಲಿಸುತ್ತೇನೆ. ಜೀವವೈವಿಧ್ಯದ ಪಾಠದ ದಿನ ಆ ತಖ್ತೆಯನ್ನು ಒಯ್ದು ಗೋಡೆಗೆ ನೇತುಹಾಕುತ್ತೇನೆ. ಅಪ್ಪನ ಪೆನ್ಸಿಲ್ ಗೆರೆಗಳು ಮಾಸಿವೆ. ಕೆಂಪು ಎಳೆ ಕಂದಾಗಿದೆ, ಹಳದಿ ಬಿಳಿಯಾಗಿದೆ. ಮಕ್ಕಳ ಕೈ ಮೊದಲು ಹೋಗುವುದು ಅವೆರಡಕ್ಕೇ. ಹೋದ ವರ್ಷ ಒಬ್ಬ ಹುಡುಗಿ ಕೆಂಪು ಎಳೆಯನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಜಗ್ಗಿ ನೋಡಿದಳು.

"ಗಂಟ ಬಾಳ ಗಟ್ಟಿ ಐತ್ರಿ ಅಕ್ಕೋರ. ಯಾರ ಹಾಕ್ಯಾರ್ರಿ?"

"ನಾನ ಹಾಕೇನಿ" ಎಂದೆ. "ಕುಂದರು, ಹೇಳ್ತೇನಿ."